ಇಪ್ಪತ್ತೆರಡು ನಿಮಿಷ

ಸಂಬಳದ ಪಟ್ಟಿ ಬರೆಯುವವನು ನಾನು,
ಚಿಲಿ ದೇಶದ ತೆಂಕಣ ದ್ವೀಪದಲ್ಲಿ, ಕೆಯ್ಯೋನ್ ಬಂದರಿನ
ಪಚ್ಚಿಲೆ ಕಾರ್ಖಾನೆಯ ಮಹಡಿ ಕೋಣೆಯಲ್ಲಿ.
ಕೆಳಗೆ ಇನ್ನೂರ ಹದಿನಾಲ್ಕು ಹೆಂಗಸರು
ಬೆಂದ ಚಿಪ್ಪು ಬಿಡಿಸುತ್ತಾರೆ.
ನನ್ನ ಬೆರಳಿಗೆ ಶಾಯಿಯಷ್ಟೇ ಅಂಟುತ್ತದೆ,
ವಾಸನೆಯಲ್ಲ, ಎಂದು ನಂಬಿದ್ದೆ.

ನೋಲ್ಫಾ ಕಾರ್ಕಮೋ ಒಂದು ಸಂಜೆ ಮೆಟ್ಟಿಲು ಹತ್ತಿ ಬಂದಳು.
ಕೈಯಲ್ಲಿ ಮಗಳ ಹಳೆಯ ಕಾಪಿ ಪುಸ್ತಕ,
ರಟ್ಟಿನ ಮೇಲೆ ಅರ್ಧ ಕಿತ್ತುಹೋದ ಕುದುರೆಯ ಚಿತ್ರ.
"ದೋನ್ ಎಲಾದಿಯೋ, ನನ್ನ ಗಡಿಯಾರ ಯಾವಾಗ ಶುರು?"
"ಕಾರ್ಡು ಒತ್ತಿದಾಗ."
"ಒತ್ತುವ ಯಂತ್ರ ಎಲ್ಲಿದೆ?"
"ಒಳಬಾಗಿಲಲ್ಲಿ."
"ಒಳಬಾಗಿಲಿಗೆ ಬರುವ ಮೊದಲು ನಾನೇನು ಮಾಡುತ್ತೇನೆ?"

ನನಗೆ ಗೊತ್ತಿತ್ತು.
ಮನೆಯ ಬೂಟು ಕಳಚಿ ಬಿಳಿ ಬೂಟು,
ತಲೆಗೆ ಬಲೆ, ಬಲೆಯ ಮೇಲೆ ಟೋಪಿ,
ಮೊಣಕಾಲು ದಾಟುವ ರಬ್ಬರ್ ಏಪ್ರನ್,
ಮೊಣಕೈವರೆಗೂ ಸೋಪು, ಆಮೇಲೆ ಹತ್ತಿಯ ಕೈಗವಸು,
ಅದರ ಮೇಲೆ ಪ್ಲಾಸ್ಟಿಕ್ಕಿನದು,
ಕ್ಲೋರಿನ್ ತೊಟ್ಟಿಯಲ್ಲಿ ಕಾಲಿಟ್ಟು ನಿಂತು
ಮುಂದಿನವಳ ಬೆನ್ನು ಸರಿಯುವವರೆಗೆ ಕಾಯುವುದು.
ಹನ್ನೊಂದು ನಿಮಿಷ.
ಸಂಜೆ ಇದನ್ನೆಲ್ಲ ತಿರುಗಾಮುರುಗಾ, ಇನ್ನೊಂದು ಹನ್ನೊಂದು.

ಪುಸ್ತಕ ಬಿಡಿಸಿದಳು. ಮಗಳ ಏಳರ ಮಗ್ಗಿಯ ಕೆಳಗೆ
ತಾಯಿಯ ಲೆಕ್ಕ, ತಾರೀಖು ಹಾಕಿ.
ಒಂದು ಕಡೆ: ಏಪ್ರನ್ ಹರಿದಿತ್ತು, ಬದಲಿಸಿದೆ, ಹದಿನಾರು.
ಇನ್ನೊಂದು ಕಡೆ ಬರೀ ಇಷ್ಟು:
ಇರ್ಮಾ ಅತ್ತಳು, ನೋಡಿಕೊಳ್ಳಲು ಮರೆತೆ.

ಮ್ಯಾನೇಜರು ಹೌದೂ ಅನ್ನಲಿಲ್ಲ, ಇಲ್ಲವೂ ಅನ್ನಲಿಲ್ಲ,
ಅಡ್ಡಗೋಡೆಯ ಮೇಲೆ ದೀಪ.
"ಬಟ್ಟೆ ತೊಡುವುದೂ ಒಂದು ಕೆಲಸವೇನಯ್ಯ?
ಹಾಗಾದರೆ ನನ್ನ ಹೆಂಡತಿಗೆ ನಾನೆಷ್ಟು ಬಾಕಿ!"
ನಕ್ಕರು. ನಾನೂ ನಕ್ಕೆ.
ಆ ನಗುವಿಗೂ ನನಗೆ ಸಂಬಳ ಸಿಕ್ಕಿದೆ
ಎಂದು ಹೊಳೆದದ್ದು ರಾತ್ರಿ.

ಆಗ ಎದ್ದು ಕೂತು ಗುಣಿಸಿದೆ.
ದಿನಕ್ಕೆ ಇಪ್ಪತ್ತೆರಡು, ತಿಂಗಳಿಗೆ ಇಪ್ಪತ್ತಾರು ದಿನ:
ಒಂಬತ್ತು ಗಂಟೆ ಮೂವತ್ತೆರಡು ನಿಮಿಷ.
ಹನಿಗೂಡಿದರೆ ಹಳ್ಳ, ಸರಿ.
ಇವಳ ಒಂಬತ್ತು ವರ್ಷದ ಹಳ್ಳ
ಯಾರ ಕೆರೆಗೆ ಹರಿಯಿತು?

ಕಾರ್ಮಿಕ ಇಲಾಖೆಯ ಇನ್‌ಸ್ಪೆಕ್ಟರು ಎಳೆ ಹುಡುಗಿ, ನೆಗಡಿ ಬೇರೆ.
ಓದಿ ಹೇಳಿದಳು: ಮಾಲೀಕ ತೊಡು ಎಂದ ಬಟ್ಟೆಯನ್ನು
ತೊಡುವ ಹೊತ್ತೂ ದುಡಿಮೆಯ ಹೊತ್ತೇ.
ನೋಲ್ಫಾ ತಲೆಯಾಡಿಸಿದಳು,
ತನ್ನದೇ ಹೆಸರನ್ನು ಯಾರೋ ಸರಿಯಾಗಿ ಓದಿದ ಹಾಗೆ.
"ಆದರೆ ಓವರ್‌ಟೈಮ್ ಬಾಕಿ ಕೇಳಲು ಆರು ತಿಂಗಳ ಹಿಂದಕ್ಕೆ ಮಾತ್ರ ಹೋಗಬಹುದು."
"ಮಿಕ್ಕ ಎಂಟೂವರೆ ವರ್ಷ?"
ಹುಡುಗಿ ಮೂಗೊರೆಸಿಕೊಂಡಳು.
ಕಾನೂನಿನ ಪುಸ್ತಕ ಎಷ್ಟು ದಪ್ಪ,
ನೆನಪು ಎಷ್ಟು ತೆಳು.

ಆಮೇಲೆ ನನ್ನ ಕಡೆ ತಿರುಗಿ: "ನೀವು ಸಾಕ್ಷಿ ಹೇಳುತ್ತೀರಾ?"

ಹದಿನೇಳು ವರ್ಷ ಕಂಪನಿಯ ಉಪ್ಪು ತಿಂದವನು.
ಬಾಯಿ ಒಣಗಿತು.
ಮೇಜಿನ ಮೇಲೆ ನೋಲ್ಫಾಳ ಕೈ ಇತ್ತು,
ಬೆರಳ ಸಂದಿಯ ಬಿರುಕುಗಳಲ್ಲಿ ಬಿಳಿ ಬಿಳಿ ಗೆರೆ.
ಉಪ್ಪು ಕಡಲಿನದು.
ನನ್ನ ತಟ್ಟೆಯವರೆಗೆ ಅದು ಬಂದದ್ದು
ಈ ಕೈಗಳ ದಾರಿಯಾಗಿ.
"ಹೂಂ" ಅಂದೆ. ಕೇಳಿಸಲಿಲ್ಲವಂತೆ.
ಕೆಮ್ಮಿ, ಇನ್ನೊಮ್ಮೆ ಅಂದೆ.

ನನ್ನ ಮೇಜು ಈಗ ಉಗ್ರಾಣದಲ್ಲಿದೆ,
ಖಾಲಿ ಪೆಟ್ಟಿಗೆಗಳನ್ನು ಎಣಿಸುತ್ತೇನೆ.
ಕಾರ್ಡಿನ ಯಂತ್ರ ಹೊರಬಾಗಿಲಿಗೆ ಬಂದಿದೆ,
ಗೋಡೆಯಲ್ಲಿ ಹಳೆಯ ಮೊಳೆಗಳ ನಾಲ್ಕು ತೂತು ಹಾಗೇ ಇವೆ.

ಹಣ ಹಂಚುವ ದಿನ ಉಗ್ರಾಣದ ಕಿಟಕಿಯಿಂದ ನೋಡಿದೆ.
ಐವತ್ತೇಳು ಗಂಟೆಯ ಚೆಕ್ಕು.
ನೋಲ್ಫಾ ಸಹಿ ಹಾಕುವ ಮೊದಲು ಕಾಪಿ ಪುಸ್ತಕ ತೆರೆದು
ತುಟಿಯಲುಗಿಸುತ್ತ ಕೂಡಿದಳು.
ಬೆನ್ನ ಹಿಂದೆ ಇನ್ನೂರ ಹದಿಮೂರು ಜನ.
"ಇನ್ನೂ ಹನ್ನೆರಡು ನಿಮಿಷ ಬರಬೇಕು," ಎಂದು
ಪೆನ್ನು ಕೆಳಗಿಟ್ಟಳು.

ಸಾಲಿನಲ್ಲಿ ಯಾರೂ ಅವಸರ ಮಾಡಲಿಲ್ಲ.